ಬೀಗ ಹಾಕಿದ ಬಾಗಿಲಿನ ಪಕ್ಕದ ತಿರುಗುಪೆಟ್ಟಿಗೆ

ನಾನು ಮರದ ಒಂದು ತಿರುಗುಪೆಟ್ಟಿಗೆ. ನೋಡಲು ಪೀಪಾಯಿಯ ಹಾಗಿದ್ದೇನೆ, ಬಾಯಿ ಮಾತ್ರ ಹೊಟ್ಟೆಯಲ್ಲಿದೆ. ರೋಮ್ ನಗರದಲ್ಲಿ, ಪೋಪರ ಅರಮನೆಯ ಗೋಡೆ ಕೊರೆದು ಬಡಗಿಯೊಬ್ಬ ನನ್ನನ್ನು ಕೂರಿಸಿದ. ಪೋಪರು ತೀರಿಕೊಂಡರೆ ಹಿರಿಯ ಪಾದ್ರಿಗಳಾದ ಕಾರ್ಡಿನಲ್‌ಗಳನ್ನೆಲ್ಲ ಒಳಗೆ ಕೂಡಿ ಬೀಗ ಹಾಕುತ್ತಾರೆ. ತಮ್ಮಲ್ಲೇ ಒಬ್ಬರನ್ನು ಹೊಸ ಪೋಪ್ ಆಗಿ ಆರಿಸುವವರೆಗೆ ಬಾಗಿಲು ತೆರೆಯುವುದಿಲ್ಲ. ಅಷ್ಟು ದಿನವೂ ಅವರವರ ಮನೆಯ ಊಟ ನನ್ನ ಮೂಲಕವೇ ಹೋಗಬೇಕು. ಹೊರಗಿನವರು ತಟ್ಟೆ ಇಟ್ಟು ತಿರುಗಿಸಿದರೆ ನನ್ನ ಬಾಯಿ ಒಳಕ್ಕೆ, ಒಳಗಿನವರು ಖಾಲಿ ತಟ್ಟೆ ಇಟ್ಟು ತಿರುಗಿಸಿದರೆ ಹೊರಕ್ಕೆ. ತಿರುಗುವುದೇನೋ ಸರಿ, ಗೋಡೆ ಬಿಟ್ಟು ಕದಲುವಂತಿಲ್ಲ. ಇದೆಂಥ ಜನ್ಮವಪ್ಪಾ ಎಂದು ಎಷ್ಟೋ ಸಲ ಬೇಸರಪಟ್ಟಿದ್ದೇನೆ.

ಪೋಪರು ರಾಜರಿಗೆ ಕಿರೀಟ ತೊಡಿಸಿದ್ದನ್ನೂ ದಂಡು ಕಟ್ಟಿಕೊಂಡು ನಾಡು ಆಳಿದ್ದನ್ನೂ ಓದಿದವರು ಹೇಳುತ್ತಾರೆ. ನನಗೆ ಕಂಡದ್ದು ಬೀಗದೊಳಗಿದ್ದವರ ಹಸಿವು ಮಾತ್ರ. ಹೊರಗೆ ಕಾವಲಿದ್ದ ಬಿಷಪ್ಪರು ಗುಟ್ಟಿನ ಸುದ್ದಿ ಒಳಗೆ ಹೋಗಬಾರದೆಂದು ಕೋಳಿಯ ಹೊಟ್ಟೆಯನ್ನೂ ಸೀಳಿ ನೋಡುತ್ತಿದ್ದರು.

ಮುಂದೆ ಇಟಲಿಯ ರಾಜ ರೋಮನ್ನು ಗೆದ್ದುಕೊಂಡ. ಅದನ್ನು ಒಪ್ಪದ ಪೋಪರು ಅರಮನೆ ಬಿಟ್ಟು ಹೊರಗೆ ಕಾಲಿಡುವುದನ್ನೇ ನಿಲ್ಲಿಸಿದರು. ಅಂದಿನಿಂದ ಪೋಪ್ ಆದವರು ಸಾಯುವವರೆಗೂ ಒಳಗೇ.

ಆ ದಿನಗಳಲ್ಲಿ ಕಾರ್ಡಿನಲ್ ಫಾಬ್ರಿತ್ಸಿಯೊ ಒಳಗೆ ಬಂದರು. ಮೀನುಗಾರರ ಮಗ, ಬಲು ಸಾಧು. ತಾಯಿಯಿಲ್ಲದ ಅವರನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ ಅಸ್ಸುಂತ. ನದಿಯಾಚೆಯ ಮನೆಯಿಂದ ಕುಂಟುತ್ತ ಬಂದು ದಿನವೂ ಊಟ ಕೊಡುತ್ತಿದ್ದಳು. ಈ ಕೆಲಸ ಮುಗಿದರೆ ಇಬ್ಬರೂ ಕಡಲ ದಂಡೆಯ ತಮ್ಮ ಊರಿಗೆ ಹೋಗಿ ಇದ್ದುಬಿಡುವುದೆಂದು ಮಾತಾಗಿತ್ತು. ಆದರೆ ಓಟುಗಳೆಲ್ಲ ಫಾಬ್ರಿತ್ಸಿಯೊ ಅವರ ಕಡೆಗೇ ವಾಲತೊಡಗಿದವು.

ಒಂದು ಮಧ್ಯಾಹ್ನ ಅವರು ತಟ್ಟೆಯನ್ನು ಮುಟ್ಟದೆ ಹಾಗೇ ನನ್ನೊಳಗಿಟ್ಟು, ತಮ್ಮ ಸಹಾಯಕ ಪಾದ್ರಿ ನೆಲ್ಲೊಗೆ ಮೆಲ್ಲಗೆ ಹೇಳಿದರು: "ಹುಷಾರಿಲ್ಲ ಅಂತ ಸುಳ್ಳು ಹೇಳೋಕೆ ನನಗೆ ನಾಲಿಗೆ ಏಳಲ್ಲಪ್ಪ. ನಾನು ಒಳಗೆ ಬರೋ ಮುಂಚೆನೇ, ತಟ್ಟೆ ಹಾಗೇ ವಾಪಸ್ ಬಂದ್ರೆ ವೈದ್ಯರನ್ನ ಕರೆಸಿ ನನ್ನ ಹೊರಗೆ ಕರ್ಕೊಂಡು ಹೋಗ್ತೀನಿ ಅಂದಿದಾಳೆ ಅಕ್ಕ."

ತಿರುಗಿಸಲು ಕೈ ಹಾಕಿದ್ದರು, ಅಷ್ಟರಲ್ಲಿ ಓಟಿನ ಗಂಟೆ ಹೊಡೆಯಿತು. ಇಬ್ಬರೂ ಹೊರಟುಹೋದರು. ಹಿಂದೆಯೇ ಓಟಿಗೆ ಹೊರಟಿದ್ದ ಕಾರ್ಡಿನಲ್ ಓತ್ತಾವಿಯೊ ಬಂದರು. ಹೊಟ್ಟೆಬಾಕರೆಂದು ಹೆಸರಾದವರು. ಹುರಿದ ಮೀನಿನ ವಾಸನೆಗೆ ಬಾಯಲ್ಲಿ ನೀರೂರಿತೋ ಏನೋ, ನಿಂತಲ್ಲೇ ಎಲ್ಲವನ್ನೂ ಚಪ್ಪರಿಸಿ ತಿಂದರು. ಪಾಪ, ಊಟ ಹಾಗೇ ಹೋದರೆ ಆ ಹೆಂಗಸು ನೊಂದುಕೊಳ್ಳುತ್ತಾಳೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು, ಬ್ರೆಡ್ಡಿನ ಚೂರಿನಿಂದ ತಟ್ಟೆ ಒರೆಸಿ ನನ್ನನ್ನು ತಿರುಗಿಸಿದರು.

ಹೊರಗೆ ಅಸ್ಸುಂತ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ಖಾಲಿ ತಟ್ಟೆ ಕಂಡು ಅವಳ ಮುಖ ಅರಳಿತು. ತಮ್ಮ ಗಟ್ಟಿಯಾಗಿದ್ದಾನೆಂದು ಕಾವಲಿನವರಿಗೆ ಹೇಳಿ ಹೊರಟಳು. ನಾನು ಮರದ ಪೆಟ್ಟಿಗೆ, ಕೂಗಿ ಕರೆಯುವುದು ಹೇಗೆ? ಆ ಸಂಕಟ ಇವತ್ತಿಗೂ ಹೋಗಿಲ್ಲ.

ಸಂಜೆಗೆ ಫಾಬ್ರಿತ್ಸಿಯೊ ಪೋಪ್ ಆದರು. ಬೀಗ ತೆಗೆದರು, ಊರೆಲ್ಲ ಗಂಟೆ ಮೊಳಗಿತು, ಉಳಿದ ಕಾರ್ಡಿನಲ್‌ಗಳು ಮನೆಗೆ ಹೋದರು. ಅಕ್ಕ ಆಮೇಲೆ ಒಂದೆರಡು ಸಲ ಬಂದು, ಸಾಕಿದ ತಮ್ಮನ ಮುಂದೆಯೇ ಮೊಣಕಾಲೂರಿ ಹೋದಳಂತೆ. ಮುಂದೆ ಹಾಸಿಗೆ ಹಿಡಿದಳು.

ಅರಮನೆಯೊಳಗೇ ಅಡುಗೆ ಶುರುವಾದ ಮೇಲೆ ನನ್ನನ್ನು ಕಿತ್ತು ಉಗ್ರಾಣದ ಮೂಲೆಗೆ ಹಾಕಿದರು. ಅಲ್ಲಿಗೆ ಒಂದು ಬೆಳಿಗ್ಗೆ ಪೋಪರು ಒಬ್ಬರೇ ಬಂದು ನನ್ನ ಮೇಲೆ ಕೈಯೂರಿ ನಿಂತರು.

"ಅಕ್ಕನ್ನ ಮಣ್ಣು ಮಾಡೋಕೆ ಹೊರಟಿದಾರೆ," ಎಂದರು. "ಆವತ್ತು ತಟ್ಟೆ ಹಾಗೇ ಕಳಿಸಿದ್ರೂ ಅವಳು ಯಾಕೆ ಬರಲಿಲ್ಲವೋ, ಕೇಳೋಕೆ ನನಗೆ ಧೈರ್ಯವೇ ಬರಲಿಲ್ಲ."

ಬಹಳ ಹೊತ್ತು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, ಹೊರಬಾಗಿಲ ಕಡೆ ಹೋಗದೆ ಮೆಟ್ಟಿಲು ಹತ್ತಿ ತಮ್ಮ ಕೋಣೆಗೆ ಹೋದರು. ಆ ದಿನ ಅರಮನೆಯ ಯಾವ ಬಾಗಿಲಿಗೂ ಬೀಗ ಹಾಕಿರಲಿಲ್ಲ.