ಕಂಬಳಿ ಮಾಳಿಗೆ

ರಾಯಚೂರಿನ ಎಂಜಿನಿಯರ್ ಶಿವರಾಜ ಅವರ ಆಫೀಸಿನಲ್ಲಿ ಅದುವರೆಗೆ ಒಂದೇ ಒಂದು ಬಾಗಿದ ಗೆರೆ ಹುಟ್ಟಿರಲಿಲ್ಲ. ಮಾನ್ವಿಯ ರೈಸ್ ಮಿಲ್ಲುಗಳಿಗೆ ಶೆಡ್ಡು, ಗೋದಾಮು, ಮತ್ತೆ ಶೆಡ್ಡು. ಎಲ್ಲವೂ ಬೆಂಕಿಪೊಟ್ಟಣ. ಅಲ್ಲಿ ಡ್ರಾಯಿಂಗ್ ಮಾಡುವವಳು ನಾನು, ಲಲಿತಾ. ದೇವದುರ್ಗದ ಕಡೆಯ ಕುರಿ ಕಾಯುವ ಮನೆತನದವಳು. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವ್ವ ಹೇಳುತ್ತಾಳೆ. ಇರಲಿ, ನನ್ನ ಮೂಗು, ನನ್ನ ಸಿಟ್ಟು.

ದೇವದುರ್ಗದಲ್ಲಿ ನಮ್ಮ ಸಮಾಜದ ಭವನ ಕಟ್ಟುವ ಕೆಲಸ ನಮ್ಮ ಆಫೀಸಿಗೆ ಬಂತು. ಸಮಿತಿಯ ಹಿರಿಯ ನನ್ನ ಸೋದರಮಾವ ಅಂಬಣ್ಣ. “ಮಾಳಿಗಿ ನೀನ ಮಾಡವ್ವ. ನೋಡಿದ್ರ ನಮ್ಮದು ಅನ್ನಿಸಬೇಕು,” ಎಂದ. ಮಳೆಯಲ್ಲಿ ಕುರಿಗಳ ಹಿಂದೆ ನಿಂತವರು ತಲೆಗೆ ಹಾಕಿಕೊಳ್ಳುವ ಕಂಬಳಿ ಕೊಪ್ಪೆ ನನ್ನ ಕಣ್ಣಿಗೆ ಬಂತು. ಅದೇ ಭವನದ ಮಾಳಿಗೆ, ಅದೇ ಸೂರು ಎಂದುಕೊಂಡೆ.

ಅದಕ್ಕೆ ನರ್ಬ್ಸ್ ಕಲಿಯಬೇಕಿತ್ತು. ಕಂಪ್ಯೂಟರಿನಲ್ಲಿ ನುಣುಪಾಗಿ ಬಾಗುವ ಮೇಲ್ಮೈ ಮಾಡುವ ಬಗೆ ಅದು. ನಾಲ್ಕು ಅಂಚಿನ ಒಂದು ಹಾಳೆ; ಅದರ ಸುತ್ತ ತೇಲುವ ಚುಕ್ಕೆಗಳನ್ನು ಎಳೆದರೆ ಹಾಳೆ ಆ ಕಡೆಗೆ ಬಾಗುತ್ತದೆ. ವಿಡಿಯೊ ನೋಡಿ ಕಲಿತೆ. ಕೊಪ್ಪೆಯ ನೆತ್ತಿಗೆಂದು ಒಂದು ಅಂಚಿನ ಚುಕ್ಕೆಗಳನ್ನೆಲ್ಲ ಒಂದೇ ಕಡೆ ಗುಡ್ಡೆ ಹಾಕಿದೆ. ಬಾಯಿ ಕಟ್ಟಿದ ಚೀಲದಂತೆ ಸುಕ್ಕುಗಟ್ಟಿತು. ಸುಕ್ಕು ಬಿಡಿಸಲು ಚುಕ್ಕೆ ಸೇರಿಸಿದೆ; ಉಬ್ಬು ಎದ್ದಿತು. ಇನ್ನಷ್ಟು ಸೇರಿಸಿದೆ, ಇನ್ನಷ್ಟು ಉಬ್ಬು. ಮೌಸನ್ನು ಗೋಡೆಗೆ ಎಸೆಯುವುದೊಂದೇ ಬಾಕಿ.

ಕೊನೆಗೆ ಅಪ್ಪನ ಕಂಬಳಿ ತಂದು, ಚಪ್ಪಲಿ ದೂರ ಬಿಟ್ಟು, ಆಫೀಸಿನ ನೆಲಕ್ಕೆ ಹಾಸಿದೆ. ಶಿವರಾಜ ಸರ್ ಬೂಟುಗಾಲಲ್ಲೇ ಅದರ ಮೇಲೆ ಬರಲಿದ್ದರು. “ಸರ್, ಕಂಬಳಿ! ತುಳೀಬ್ಯಾಡ್ರಿ!” ಎಂದು ಕೂಗಿದೆ. ಅವರು ನಕ್ಕು ಸುತ್ತುಹಾಕಿ ಹೋದರು. ಕಂಬಳಿ ಮಡಚಿ ತಲೆಗೆ ಹಾಕಿಕೊಂಡು ಕನ್ನಡಿಯಲ್ಲಿ ನೋಡಿದೆ. ಎಲ್ಲೂ ಗಂಟಿಲ್ಲ, ನಾಲ್ಕೂ ಮೂಲೆ ಹಾಗೇ ಇವೆ, ಬರೀ ಮಡಿಕೆ. ಎಲ್ಲ ಅಳಿಸಿ, ಕೆಲವೇ ಚುಕ್ಕೆಗಳಿಂದ ಹಾಳೆಯನ್ನು ಹಾಗೇ ಬಾಗಿಸಿದೆ. ಪರದೆಯ ಮೇಲೆ ಬೆಳಕು ಎಲ್ಲೂ ತಡವರಿಸದೆ ಜಾರಿತು. ನನಗೆ ಅಳುವೇ ಬಂತು.

ದೇವದುರ್ಗದ ಸಭೆಯಲ್ಲಿ ಸರ್ ಲ್ಯಾಪ್‌ಟಾಪ್ ತೆರೆದರು. ನನ್ನ ಕೊಪ್ಪೆಯ ನೆತ್ತಿಯನ್ನು ಯಾರೋ ಚಾಕುವಿನಿಂದ ಕೊಯ್ದು ಚಪ್ಪಟೆ ಮಾಡಿದ್ದರು. ಅದರ ಮೇಲೆ ನೀರಿನ ಟಾಕಿ, ಹತ್ತಿ ಹೋಗಲು ಬೆನ್ನ ಮೇಲೆಯೇ ಮೆಟ್ಟಿಲು. ಸರ್ ನನಗೆ ಒಂದು ಮಾತೂ ಹೇಳಿರಲಿಲ್ಲ.

ಅಂಬಣ್ಣಮಾವ ನೋಡಿದ, ಮುಖ ತಿರುಗಿಸಿದ. “ಕಂಬಳಿ ಬ್ಯಾಡ. ಸ್ಲ್ಯಾಬ್ ಹಾಕ್ರಿ.”

ಸರ್ ಮೇಲಿನ ಸಿಟ್ಟೆಲ್ಲ ಮಾವನ ಮೇಲೆ ಹೋಯಿತು. “ಯಾಕ ಮಾವ, ಕಂಬಳಿ ಅಂದ್ರ ನಾಚಿಕಿ ಬರ್ತದೇನು? ಅದನ್ನ ಹೊದ್ದ ದೊಡ್ಡಾಂವ ಆಗೀಯಲ್ಲ!”

ಮಾವನ ಹೆಂಡತಿ ಕರೆಮ್ಮತ್ತೆ ಪರದೆಯ ಹತ್ತಿರ ಬಂದಳು. “ಈ ಮೆಟ್ಲು ಯಾಕವ್ವ?”

“ಟಾಕಿಗೆ ಹೋಗಾಕ,” ಎಂದೆ.

“ಹೋಗಾವ್ರು ಚಪ್ಪಲಿ ಬಿಟ್ಟು ಹೋಗ್ತಾರೇನು?”

ನನಗೆ ಟಾಕಿ ಕಂಡಿತ್ತು, ಅದಕ್ಕೆ ಹತ್ತುವ ಕಾಲು ಕಂಡಿರಲಿಲ್ಲ.

“ದೇವರನ್ನ ಕೂಡಸಾಕ ಗದ್ದಿಗಿಗೆ ಹಾಸೋದು ಕಂಬಳಿ,” ಎಂದ ಮಾವ. “ಅದರ ನೆತ್ತಿ ಕೊಯ್ದು, ತುಳದಾಡಾಕ ಮೆಟ್ಲಾ ಮಾಡೀದಿ. ಬ್ಯಾರೆದಾವ್ರು ಮಾಡಿದ್ರ ಸುಮ್ನಿರ್ತಿದ್ದೆ. ನಮ್ಮ ಮನಿ ಮಗಳು ನೀ ಮಾಡೀದಿ.”

ನಾಚಿಕೆಯಲ್ಲ, ಅವನಿಗೆ ನನ್ನಷ್ಟೇ ಸಿಟ್ಟು. ನಾನು ಸರ್ ಮುಖ ನೋಡಿದೆ. ‘ಅದು ನಾನು ಮಾಡಿದ್ದು’ ಎಂಬ ಒಂದು ಮಾತು ಸಾಕಿತ್ತು. ಅವರು ಫೋನಿನ ಗಾಜು ಒರೆಸುತ್ತಿದ್ದರು.

“ಇದನ್ನ ನಾ ಮಾಡಿಲ್ಲ ಮಾವ. ಸರ್ ಮಾಡ್ಯಾರ.”

“ಅಕಿ ಹೊಸಬಳು ನೋಡ್ರಿ, ನಾ ಸ್ವಲ್ಪ ತಿದ್ದೀನಿ, ಅಷ್ಟ,” ಎಂದರು ಸರ್.

ನಾನು ಪೆನ್‌ಡ್ರೈವ್ ಚುಚ್ಚಿ ನನ್ನದನ್ನು ತೆರೆದೆ. ಚಪ್ಪಟೆ ಇಲ್ಲ, ಮೆಟ್ಟಿಲಿಲ್ಲ. “ಟಾಕಿ ಹಿಂದ ಕಂಬದ ಮ್ಯಾಲ ನಿಲ್ತದ.”

ಮಾವ ಪರದೆಯ ಹತ್ತಿರ ಬಂದು ನೋಡಿದ. “ಸುಣ್ಣ ಹಚ್ಚಾಕರ ಹತ್ತಬೇಕಲ್ಲವ್ವ?”

“ಬರಿಗಾಲ್ಲೆ ಹತ್ತತಾರ. ಯಾರ ಇದ್ರೂ.”

“ಹಂಗಾದ್ರ ಕಟ್ರಿ.”

“ನಂದೂ ಇದೇ ವಿಚಾರ ಇತ್ತು ನೋಡ್ರಿ,” ಎಂದರು ಸರ್. ಲ್ಯಾಪ್‌ಟಾಪನ್ನು ನಾನು ಮುಚ್ಚಿದ ಸದ್ದಿಗೆ ಚಹಾದ ಕಪ್ಪು ಅಲುಗಾಡಿತು.

ಬೇಸಿಗೆಯ ಹೊತ್ತಿಗೆ ಮಾಳಿಗೆ ಎದ್ದಿತು. ಸುಣ್ಣದವರು ನಸುಕಿನಲ್ಲೇ ಬರಿಗಾಲಲ್ಲಿ ಹತ್ತಿ, ಬಿಸಿಲೇರುವ ಮೊದಲೇ ಇಳಿಯುತ್ತಿದ್ದರು. ಆ ಕೆಲಸವೂ ಮುಗಿದ ಮೇಲೆ ಒಂದು ದಿನ ನಡುಮಧ್ಯಾಹ್ನ ಸರ್ ರಾಯಚೂರಿನಿಂದ ಫೋಟೊಗ್ರಾಫರ್ ಅಲ್ಲಾಉದ್ದೀನ್‌ನನ್ನು ಕರೆದುಕೊಂಡು ಬಂದರು. ‘ತಮ್ಮ’ ಮಾಳಿಗೆಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳಬೇಕಂತೆ. ಏಣಿಗೆ ಕಾಲಿಟ್ಟರು.

“ಸರ್, ಬೂಟು.”

“ಒಂದ ನಿಮಿಷ ಲಲಿತಾ, ಫೋಟೊಕ್ಕಷ್ಟ.”

ಅಂಬಣ್ಣಮಾವ ಬಂದು ಏಣಿ ಹಿಡಿದು ಅಡ್ಡ ನಿಂತ.

“ಬಿಚ್ರಿ,” ಎಂದೆ.

ಸರ್ ಬೂಟು ಬಿಚ್ಚಿದರು. ಮಾವ ಇನ್ನೂ ಅಲ್ಲಾಡಲಿಲ್ಲ. ಕಾಲುಚೀಲವನ್ನೂ ಬಿಚ್ಚಿದರು. ಮೇಲೆ ಹೋದರು. ದೇವದುರ್ಗದ ಬಿಸಿಲಿಗೆ ಮಾಳಿಗೆ ಕಾದ ಹಂಚಾಗಿತ್ತು, ನೆಟ್ಟಗೆ ನಿಲ್ಲಲು ಒಂದು ಗೇಣು ಚಪ್ಪಟೆ ಜಾಗವೂ ಇರಲಿಲ್ಲ. ಸರ್ ಒಂದು ಕಾಲು ಎತ್ತಿದರು, ಅದನ್ನಿಟ್ಟು ಇನ್ನೊಂದು ಎತ್ತಿದರು.

“ಸ್ವಲ್ಪ ನಿಲ್ರಿ ಸರ್, ನಗ್ರಿ,” ಎಂದ ಅಲ್ಲಾಉದ್ದೀನ್ ಕೆಳಗಿನಿಂದ. ಕ್ಲಿಕ್ಕಿಸಿ, ಸಾಕೇ ಎಂಬಂತೆ ನನ್ನ ಕಡೆ ನೋಡಿದ.

ನಾನು ನೆರಳಿನಲ್ಲಿ, ಸರ್ ಬೂಟುಗಳ ಪಕ್ಕದಲ್ಲಿ ಕೂತಿದ್ದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ.

“ಇನ್ನೊಂದು ತಗಿ ಅಣ್ಣಾ,” ಎಂದೆ, “ಬೆಳಕು ಚಲೋ ಬಿದ್ದದ.”