ದೇವರ ಕಿಂಡಿಗೆ ತುರುಕಿದ ಕಂಬಳಿ

ಆಷಾಢದ ಗಾಳಿಗೆ ಭಯವೂ ಇಲ್ಲ, ಭಕ್ತಿಯೂ ಇಲ್ಲ. ಮಾರಿಕಣಿವೆಯ ಹಿನ್ನೀರನ್ನು ಸವರಿಕೊಂಡು ಬಂದು, ನಾಲೆಯ ಕಾವಲುಗಾರ ಕಾಟಲಿಂಗಪ್ಪನ ಮನೆಗೆ ಅದು ಬಾಗಿಲು ತಟ್ಟದೆ ನುಗ್ಗುತ್ತಿತ್ತು. ಹಂಚಿನ ಸಂದು, ಕಿಟಕಿಯ ಬಿರುಕು, ಹೊಸ್ತಿಲಿನ ಅಡಿ ಇವೆಲ್ಲ ಅದಕ್ಕೆ ಕಾಲುದಾರಿಗಳು. ರಾಜಮಾರ್ಗವೆಂದರೆ ಪಡುವಣ ಗೋಡೆಯ ದೇವರ ಕಿಂಡಿ. ಮನೆದೇವರು ಗಾಳಿಯ ರೂಪದಲ್ಲಿ ಅಲ್ಲಿಂದಲೇ ಒಳಬರುತ್ತಾನೆಂಬುದು ಕುರಿ ಕಾಯುತ್ತಿದ್ದ ಹಿರಿಯರ ಕಟ್ಟಳೆ. ಗುಡಿಸಲು ಹೋಗಿ ಹಂಚಿನ ಮನೆ ಬಂದರೂ ಕಿಂಡಿ ಉಳಿದಿತ್ತು.

ಹೊಸದಾಗಿ ಬಂದ ಗ್ಯಾಸ್ ಒಲೆಯ ಜ್ವಾಲೆ ಆ ಗಾಳಿಗೆ ಸಾಷ್ಟಾಂಗ ಮಲಗಿ, ಪಾತ್ರೆಯನ್ನು ಬಿಟ್ಟು ಗೋಡೆಯನ್ನು ಕಾಯಿಸುತ್ತಿತ್ತು. ಹಬ್ಬದಿಂದ ಹಬ್ಬಕ್ಕೆ ಬಾಳಬೇಕಾದ ಸಿಲಿಂಡರು ಅಮಾವಾಸ್ಯೆಗೆ ಬಂದು ಹುಣ್ಣಿಮೆಗೆ ಪ್ರಾಣ ಬಿಡುತ್ತಿತ್ತು. ಇಷ್ಟಾದರೂ ಮುದ್ದೆ ಹಸಿಹಸಿ.

"ನಿಮ್ಮ ದೇವ್ರು ಬರೋದು ವರ್ಷಕ್ಕೊಂದ್ಸಲ. ಮಿಕ್ಕಿದ್ ದಿನ ಆ ತೂತಿನ ಸೇವೆಗೆ ನಮ್ ಗ್ಯಾಸು!" ಎಂದಳು ಹೆಂಡತಿ ದೊಡ್ಡಕ್ಕ.

ಗಂಡ ನಾಲೆಗೆ ಹೋದ ಹೊತ್ತಿನಲ್ಲಿ ಅವಳು ಹೊಸ್ತಿಲ ಸಂದಿಗೆ ಸಗಣಿ ಕಲಸಿದ ಕೆಮ್ಮಣ್ಣು ಮೆತ್ತಿದಳು. ಕಿಟಕಿಯ ಅಂಚಿಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಹೊಡೆದಳು. ಗಾಳಿ ತಾಗದ ಮೂಡಣ ಕಿಟಕಿಯೊಂದನ್ನು ತೆರೆದಿಟ್ಟು, ದೇವರ ಕಿಂಡಿಗೆ ಹಳೆಯ ಕರಿಕಂಬಳಿ ತುರುಕಿದಳು. ಅಂದು ಜ್ವಾಲೆ ಯೋಗಿಯಂತೆ ನೆಟ್ಟಗೆ ನಿಂತಿತು. ಬೆಂದ ಮುದ್ದೆ ನುಂಗಿದ ಕಾಟಲಿಂಗಪ್ಪನ ಹೊಟ್ಟೆ ಹರಸಿತು, ಕಣ್ಣು ಮಾತ್ರ ಮುಚ್ಚಿದ ಕಿಂಡಿಯ ಮೇಲೆಯೇ ನೆಟ್ಟಿತ್ತು. ಸೋಮವಾರ ದೇವರ ಎಡೆ. ಪೂಜಾರಿ ಜುಂಜಯ್ಯನ ಮೈಮೇಲೆ ದೇವರು ಬಾರದಿದ್ದರೆ, ಇದು ದೇವರು ಬಿಟ್ಟ ಮನೆಯೆಂದು ಅಣ್ಣತಮ್ಮಂದಿರು ಇಲ್ಲಿ ನೀರೂ ಮುಟ್ಟರು.

ಸೋಮವಾರ ಜುಂಜಯ್ಯ ಎಂದಿನಂತೆ ಬರಿಮೈಯಲ್ಲಿ ಕಿಂಡಿಯ ಕೆಳಗೆ ಕುಳಿತ. ಪ್ರತಿವರ್ಷವೂ ಕಿಂಡಿಯ ತಣ್ಣನೆ ಗಾಳಿ ಕುತ್ತಿಗೆಗೆ ಬಡಿದೊಡನೆ ಅವನು ಗಡಗಡ ನಡುಗುತ್ತಿದ್ದ, ಜನ ಕೈಮುಗಿಯುತ್ತಿದ್ದರು. ಈ ಸಲ ವಾದ್ಯದವರು ಉರುಮೆ ಬಡಿದೇ ಬಡಿದರು. ದೇವರ ಬದಲು ಪೂಜಾರಿಗೆ ಬೆವರು ಬಂತು, ಆಮೇಲೆ ಆಕಳಿಕೆ. ಆತ ತಲೆಯೆತ್ತಿ ನೋಡಿದ.

"ಲೇ ಕಾಟ! ದೇವ್ರ ದಾರಿ ಮುಚ್ಚಿದೋನು ಯಾವನ್ಲೇ?"

ಕಾಟಲಿಂಗಪ್ಪ ಮಣೆ ಹತ್ತಿ ಕಂಬಳಿಗೆ ಕೈ ಹಾಕಿದ.

"ತಡೀರಿ! ಜುಂಜಯ್ಯ ಮಾವ, ದೇವ್ರ ಗದ್ದಿಗೆಗೆ ನೀವು ಹಾಸೋದು ಏನು?" ಎಂದಳು ದೊಡ್ಡಕ್ಕ.

"ಕರಿಕಂಬಳಿ. ಅದ್ಯಾಕೆ?"

"ಅಲ್ಲಿರೋದೂ ಅದೇಯ. ಬರೋ ಬಾಗಲಾಗೇ ಗದ್ದಿಗೆ ಹಾಸೀವಿ. ಕುಂತ್ಕಳ್ರಿ ಅಂದ್ರೆ ನಿಮ್ಮ ದೇವ್ರು ಸಿಟ್ಟಾಗ್ತಾನೇನು?"

ಯಾರೋ ಕಿಸಕ್ಕೆಂದರು. ಜುಂಜಯ್ಯ ಮೀಸೆ ಕಡಿದ. ಕಾಟಲಿಂಗಪ್ಪ ಮಣೆಯ ಮೇಲೆಯೇ, ಕಂಬಳಿಯ ಅಂಚು ಹಿಡಿದೇ ನಿಂತಿದ್ದ. ಅಷ್ಟರಲ್ಲಿ ಒಳಗಿನಿಂದ ಚೆನ್ನಾಗಿ ಬೆಂದ ರಾಗಿಮುದ್ದೆಯ, ಹುರುಳಿ ಸಾರಿನ ಘಮ ಬಂತು. ಜುಂಜಯ್ಯ ಕಣ್ಣು ಮುಚ್ಚಿದ. ಗಾಳಿಯ ಸುಳಿವಿಲ್ಲದೆಯೇ ಅವನ ಭುಜ ಕುಣಿಯಿತು.

"ಬಂದೀನ್ರಲೇ! ಗದ್ದಿಗೆ ಮ್ಯಾಗೆ ಬೆಚ್ಚಗೆ ಕುಂತೀನಿ. ಎಬ್ಸೀರಿ, ಜೋಕೆ!"

ಬೆಂಕಿ ಮುಟ್ಟಿದವನಂತೆ ಕಾಟಲಿಂಗಪ್ಪ ಕೈ ಹಿಂತೆಗೆದ, ಇಳಿದು ಅಡ್ಡಬಿದ್ದ. ಅಣ್ಣತಮ್ಮಂದಿರು ಚರಿಗೆ ಚರಿಗೆ ನೀರು ಕುಡಿದು ಪಂಕ್ತಿಗೆ ಕುಳಿತರು.

ಉಂಡು ಹೊರಟ ಜುಂಜಯ್ಯ ಹೊಸ್ತಿಲಲ್ಲಿ ನಿಂತು, ಕೆಮ್ಮಣ್ಣಿನ ಮೆತ್ತುಗೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಆಮೇಲೆ ದನಿ ತಗ್ಗಿಸಿದ.

"ದೊಡ್ಡಕ್ಕಾ, ಹಳೇ ಕಂಬಳಿ ಇನ್ನೊಂದ್ ತುಂಡು ಐತೇನಮ್ಮ? ನಮ್ಮನಿ ದೇವ್ರಿಗೂ ಬಾಳ ಚಳಿ."