ಗೆರೆ ಅಳಿಸಿದವಳು

ಲಿಫ್ಟ್ ರಿಪೇರಿಯ ಕೈಪಿಡಿಯನ್ನು ಮೊಬೈಲಿನಲ್ಲಿ ಓದುವವರಿಗಾಗಿ ಬರೆದು, ಪುಟ ಜೋಡಿಸುವುದು ನನ್ನ ಕೆಲಸ. ಹನ್ನೊಂದು ವರ್ಷವಾಯಿತು, ಸೊಂಟ ಬಿದ್ದುಹೋಗಿದೆ. ಒತ್ತಿದರೆ ಬೇರೆ ಪುಟಕ್ಕೆ ಹೋಗುವ ಪದಗಳ ಕೆಳಗೆ ಗೆರೆ ಇರಲೇಬೇಕೆಂದು ಮೂರು ಮೀಟಿಂಗಿನಲ್ಲಿ ಗಂಟಲು ಹರಿದುಕೊಂಡೆ. ಮ್ಯಾನೇಜರಿಗೆ ಗೆರೆ ಕಂಡರಾಗದು.

"ಪುಟ ತುಂಬಾ ಗೀಚಿದ ಹಾಗಿದೆ ಕಣಮ್ಮ. ಬಣ್ಣ ಇದ್ರೆ ಸಾಕಲ್ವಾ?"

"ಮಂದ ಬೆಳಕಲ್ಲಿ ಬಣ್ಣ ಗೊತ್ತಾಗಲ್ಲ ಸಾರ್."

"ಟಾರ್ಚ್ ಇಟ್ಕೊಳ್ಳೋಕೆ ಹೇಳು."

ಎಲ್ಲರೂ ನಕ್ಕರು. ನಾಲ್ಕನೇ ಮೀಟಿಂಗಿನ ಹೊತ್ತಿಗೆ ನನಗೆ ಸಾಕುಸಾಕಾಗಿತ್ತು. ಹಾಳಾಗಿ ಹೋಗಲಿ ಎಂದು ಕೈಯಾರೆ ಗೆರೆಗಳನ್ನೆಲ್ಲ ಅಳಿಸಿದೆ. ಕಪ್ಪು ಅಕ್ಷರಗಳ ನಡುವೆ ಕಡುನೀಲಿ ಪದಗಳು ಉಳಿದವು. ಪುಟ ಚೆಂದವಾಗಿಯೇ ಕಂಡಿತು, ಸುಳ್ಳೇಕೆ ಹೇಳಲಿ.

ಐದನೇ ವಾರ ನನ್ನ ತಮ್ಮನ ಬಲಗೈಯ ಎರಡು ಬೆರಳು ಜಜ್ಜಿಹೋದವು. ಅವನು ಲಿಫ್ಟ್ ಮೆಕ್ಯಾನಿಕ್. ಕಂಪನಿ ಬೇರೆ, ಓದುವುದು ನಮ್ಮದೇ ಕೈಪಿಡಿ. "ಬ್ರೇಕ್ ಭದ್ರಪಡಿಸಿ, ನಂತರ ಮುಚ್ಚಳ ತೆಗೆಯಿರಿ" ಎಂದಿತ್ತು. "ಭದ್ರಪಡಿಸಿ" ಎಂಬುದನ್ನು ಒತ್ತಿದ್ದರೆ, ಹೊಸ ಮಾದರಿಯ ಬ್ರೇಕಿಗೆ ಅದು ಜಾರದಂತೆ ಎರಡು ಪಿನ್ನು ಹಾಕಬೇಕೆಂಬ ಪುಟ ತೆರೆಯುತ್ತಿತ್ತು. ಅದು ಒತ್ತುವ ಪದವೆಂದೇ ಅವನಿಗೆ ಗೊತ್ತಾಗಿಲ್ಲ. ಎಂದಿನಂತೆ ಒಂದೇ ಪಿನ್ನು ಹಾಕಿದ್ದಾನೆ, ಮುಚ್ಚಳ ತೆಗೆಯುವಾಗ ಬ್ರೇಕ್ ಜಾರಿದೆ.

ಆಸ್ಪತ್ರೆಯಲ್ಲಿ ಅವನೇ ನನಗೆ ಸಮಾಧಾನ ಹೇಳಿದ. "ನಂದೇ ತಪ್ಪು ಬಿಡಕ್ಕ, ಕಣ್ಣುಬಿಟ್ಟು ಓದ್ಬೇಕಿತ್ತು. ಸೋಮವಾರ ವಿಚಾರಣೆ ಇದೆ. ಕೈಪಿಡಿ ಪ್ರಕಾರ ಮಾಡಿಲ್ಲ ಅಂತಾದ್ರೆ ಕೆಲಸ ಹೋದಂಗೇ."

ಗೆರೆ ಅಳಿಸಿದ್ದು ನಾನೆಂದು ಹೇಳದೆ, ಹೇಡಿಯ ಹಾಗೆ ಎದ್ದು ಬಂದೆ.

ಮರುದಿನ ಅಪಘಾತದ ಸುದ್ದಿ ಕೇಳಿ ಮ್ಯಾನೇಜರ್ ತಾವಾಗಿಯೇ ನನ್ನ ಮೇಜಿನ ಬಳಿ ಬಂದರು. "ನೀನು ಹೇಳಿದ್ದೇ ಸರಿ ಕಣಮ್ಮ. ಗೆರೆ ವಾಪಸ್ ಹಾಕ್ಬಿಡು. ಇವತ್ತೇ, ಸದ್ದಿಲ್ದೆ."

ಹನ್ನೊಂದು ವರ್ಷದಲ್ಲಿ ಆ ಬಾಯಿಂದ ಇಂಥ ಮಾತು ಬಂದದ್ದು ಅದೇ ಮೊದಲು. ನನಗೆ ಎಳ್ಳಷ್ಟೂ ಖುಷಿಯಾಗಲಿಲ್ಲ. ಗೆರೆ ಹಾಕಿದರೆ ವಿಚಾರಣೆಯವರು ತೆರೆಯುವ ಪುಟದಲ್ಲಿ ಅದು ಎದ್ದು ಕಾಣುತ್ತದೆ, ಇಷ್ಟು ಕಂಡರೂ ಒತ್ತಲಿಲ್ಲವೇ ಎಂದು ತಮ್ಮನನ್ನೇ ಹಿಡಿಯುತ್ತಾರೆ. ಹಾಕದಿದ್ದರೆ ಸೋಮವಾರದೊಳಗೆ ಇನ್ಯಾರದೋ ಬೆರಳು.

ಗೆರೆ ಹಾಕಿದೆ. ಪುಟ ತಿದ್ದಿದಾಗಲೆಲ್ಲ ತಳದಲ್ಲಿ ಏನು ತಿದ್ದಿದೆವೆಂದು ಬರೆಯುವುದು ನಮ್ಮಲ್ಲಿ ರೂಢಿ. "ಸಣ್ಣಪುಟ್ಟ ಸುಧಾರಣೆ" ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ. ಬ್ರೇಕಿನ ಪುಟದಲ್ಲಿ ಮಾತ್ರ ಹೀಗೆ ಬರೆದೆ: "ಕಳೆದ ಐದು ವಾರ ಇಲ್ಲಿನ ಪದಗಳು ಒತ್ತುವಂಥವೆಂದು ತಿಳಿಯುತ್ತಿರಲಿಲ್ಲ. ಓದಿದವರ ತಪ್ಪಲ್ಲ. ಗೆರೆ ಅಳಿಸಿದವಳು ನಾನು." ಕೆಳಗೆ ನನ್ನ ಹೆಸರು, ಹುದ್ದೆ ಹಾಕಿದೆ. ಪ್ರಕಟಿಸಿ, ತಮ್ಮನಿಗೂ ಕಳುಹಿಸಿ, ಡ್ರಾಯರಿನ ಸಾಮಾನನ್ನು ಚೀಲಕ್ಕೆ ತುಂಬತೊಡಗಿದೆ.

ಅವನ ಫೋನ್ ಬಂತು.

"ಅಳಿಸಿದ್ದು ನೀನಾ?"

"ಹೂಂ. ಸೋಮವಾರ ಇದನ್ನೇ ತೋರಿಸು. ಕೆಲಸ ಉಳಿಯುತ್ತೆ."

"ತೋರಿಸ್ತೀನಿ" ಎಂದ. ಆಮೇಲೆ ಮೆಲ್ಲಗೆ, "ಕೆಲಸ ಮಾಡೋ ಬಲಗೈ ಕಣಕ್ಕ" ಎಂದ.